‘ಫೇರ್’ ಎಂಬ ಮಾತಿನ ವಿಚಾರ

ಇಂಗ್ಲಿಷ್ ಬಾರದವರೂ ದಿನಕ್ಕೆ ನಾಲ್ಕು ಬಾರಿ ಆಡುವ ಇಂಗ್ಲಿಷ್ ಮಾತುಗಳಲ್ಲಿ ‘ಫೇರ್’ ಎಂಬುದೂ ಒಂದು. ಊರು ಬಿಟ್ಟು ಮುಂಬಯಿಯಂಥ ಮಹಾನಗರದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಂತೂ ಇದರ ಓಡಾಟ ಇನ್ನೂ ಹೆಚ್ಚು. ಮಕ್ಕಳು ‘ರಫ್ ನೋಟ್’ನಲ್ಲಿ ಗೀಚಿದ್ದನ್ನು ‘ಫೇರ್ ನೋಟ್’ಗೆ ಇಳಿಸುತ್ತಾರೆ. ಹುಡುಗಿ ‘ಫೇರ್’ ಆಗಿದ್ದಾಳೆಯೇ ಎಂದು ವರನ ಕಡೆಯವರು ವಿಚಾರಿಸುತ್ತಾರೆ. ಪಡಿತರದ ಅಂಗಡಿಯ ಹಲಗೆಯ ಮೇಲೆ ‘ಫೇರ್ ಪ್ರೈಸ್ ಶಾಪ್’ ಎಂದಿರುತ್ತದೆ. ಅಣ್ಣನಿಗೆ ಎರಡು ಚಕ್ಕುಲಿ, ತಂಗಿಗೆ ಒಂದು ಬಂದರೆ ಐದು ವರ್ಷದ ಕೂಸೂ ‘ದಿಸ್ ಈಸ್ ನಾಟ್ ಫೇರ್’ ಎಂದು ಕಾಲು ಬಡಿಯುತ್ತದೆ. ಪ್ರಗತಿ ಪತ್ರದಲ್ಲಿ ‘ಫೇರ್’ ಎಂದು ಬಂದರೆ ಮಾತ್ರ ತಂದೆಯ ಮುಖ ಚಿಕ್ಕದಾಗುತ್ತದೆ. ಏಕೆಂದರೆ ಅಲ್ಲಿ ಅದಕ್ಕೆ ‘ಪರವಾಗಿಲ್ಲ, ಸುಮಾರು’ ಎಂದರ್ಥ.

ನಮ್ಮ ಲಿಪಿಯಲ್ಲಿ ಬರೆದಾಗ ಗೊಂದಲ ಇನ್ನೂ ಹೆಚ್ಚುತ್ತದೆ. ಬಸ್ಸಿನ ‘ಫೇರ್’, ಪುಸ್ತಕದ ‘ಫೇರ್’ ಇವೂ ಅದೇ ವೇಷದಲ್ಲಿ ಬಂದು ನಿಲ್ಲುತ್ತವೆ. ಆದರೆ ಇವು ಬೇರೆ ಮನೆತನದವು. ಬಸ್ಸಿನ ಫೇರ್ ಪ್ರಯಾಣ ಮಾಡು ಎಂಬ ಹಳೆಯ ಇಂಗ್ಲಿಷ್ ಧಾತುವಿನಿಂದ ಬಂದದ್ದು. ಜಾತ್ರೆ, ಸಂತೆ ಎಂಬರ್ಥದ ಫೇರ್ ಹಬ್ಬದ ದಿನವನ್ನು ಸೂಚಿಸುವ ಲ್ಯಾಟಿನ್ ಪದದ ಸಂತಾನ. ಇವೆರಡನ್ನೂ ನಮಸ್ಕರಿಸಿ ಕಳುಹಿಸಿಬಿಡೋಣ. ಉಳಿಯುವುದು ಗುಣವಾಚಕವಾದ ‘ಫೇರ್’. ಅದೊಂದೇ ಸಾಕು ನಮ್ಮ ತಲೆ ಕೆಡಿಸಲು. ಚೆಲುವು, ಬಿಳುಪು, ಶುಚಿ, ನ್ಯಾಯ, ಸುಮಾರು, ಈ ಐದು ಅರ್ಥಗಳನ್ನೂ ಒಂದೇ ಪದ ಹೊತ್ತುಕೊಂಡಿದೆ. ಕನ್ನಡದಲ್ಲಿ ಇವು ಐದು ಬೇರೆ ಬೇರೆ ಮಾತುಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೇಳಿದವರು ನಗುತ್ತಾರೆ. ಇಂಗ್ಲಿಷಿನಲ್ಲಿ ಯಾರೂ ನಗುವುದಿಲ್ಲ. ಯೋಚಿಸಬೇಕಾದ ಸಂಗತಿ ಇರುವುದೇ ಇಲ್ಲಿ.

ಈ ಪದದ ಮೂಲಾರ್ಥ ‘ಕಣ್ಣಿಗೆ ಹಿತವಾದದ್ದು, ಚೆಲುವಾದದ್ದು’ ಎಂದು ನಿಘಂಟುಕಾರರು ಹೇಳುತ್ತಾರೆ. ಉಳಿದ ಅರ್ಥಗಳೆಲ್ಲ ಅದರ ಕೊಂಬೆಗಳು. ಕಲೆಯಿಲ್ಲದ ಬರಹ ಕಣ್ಣಿಗೆ ಹಿತ, ಆದ್ದರಿಂದ ‘ಫೇರ್ ಕಾಪಿ’. ಮೋಡವಿಲ್ಲದ ದಿನ ಹಿತ, ಆದ್ದರಿಂದ ‘ಫೇರ್ ವೆದರ್’. ಕಲೆಯಿಲ್ಲದ ನಡತೆ, ಕಲ್ಮಷವಿಲ್ಲದ ತೀರ್ಪು ಮನಸ್ಸಿಗೆ ಹಿತ, ಆದ್ದರಿಂದ ನ್ಯಾಯವೂ ‘ಫೇರ್’. ತೀರಾ ಚೆನ್ನಾಗಿಲ್ಲದಿದ್ದರೂ ನೋಡುವಂತಿದೆ ಎನ್ನುವಾಗ ಬಂದದ್ದು ‘ಸುಮಾರು’ ಎಂಬ ಅರ್ಥ. ನೋಡುವವರ ದೇಶದಲ್ಲಿ ಚೆಲುವೆಂದರೆ ಬಿಳಿಯ ಮೈಬಣ್ಣ, ಹೊಂಬಣ್ಣದ ಕೂದಲು ಎಂಬ ರುಚಿ ಇದ್ದುದರಿಂದ ಚೆಲುವಿನ ಪದ ಬಣ್ಣದ ಪದವೂ ಆಯಿತು. ಕಪ್ಪು ಕಣ್ಣಿನ ಹೆಣ್ಣನ್ನು ಕುರಿತು ಸಾನೆಟ್ಟುಗಳನ್ನು ಬರೆದ ಷೇಕ್ಸ್‌ಪಿಯರ್ ಈ ಪದದ ಇಬ್ಬಗೆಯನ್ನು ಚೆನ್ನಾಗಿ ಬಲ್ಲವನಾಗಿದ್ದ. ಅಲ್ಲಿ ಆತ ಅದರೊಡನೆ ಆಟವಾಡುತ್ತಲೇ ಹೋಗುತ್ತಾನೆ.

ರುಚಿ ಎಂಬುದು ಹವೆಯನ್ನೂ ಅನುಸರಿಸುತ್ತದೆ. ಬಿ.ಎಸ್‌ಸಿ. ತರಗತಿಯಲ್ಲಿ ನಾವು ನೋಡಿದ ಹಳೆಯ ಮಾದರಿಯ ವಾಯುಭಾರ ಮಾಪಕದ ಮುಖದ ಮೇಲೆ ‘ಸ್ಟಾರ್ಮಿ, ರೇನ್, ಚೇಂಜ್, ಫೇರ್, ವೆರಿ ಡ್ರೈ’ ಎಂದು ಬರೆದಿತ್ತು. ಮಳೆಗೆ ಬೇಸತ್ತ ಇಂಗ್ಲೆಂಡಿಗೆ ಮೋಡವಿಲ್ಲದ ಆಕಾಶ ‘ಫೇರ್’. ಮೇ ತಿಂಗಳ ಕೊನೆಯಲ್ಲಿ ಬಿರುಕು ಬಿಟ್ಟ ಹೊಲದ ಬದುವಿನ ಮೇಲೆ ನಿಂತ ನಮ್ಮ ಕಡೆಯ ರೈತನನ್ನು ಕೇಳಿ ನೋಡಿ, ಯಾವ ಆಕಾಶ ಚೆಲುವು ಎಂದು. ಕಾರ್ಮೋಡ ಕವಿದ ಆಕಾಶವೇ ಅವನಿಗೆ ಚೆಲುವು. ಮೋಡಕ್ಕಾಗಿ ಕಾಯುವ ಈ ನಾಡಿನಲ್ಲಿ ದೇವರಿಗೂ ಮೋಡದ ಬಣ್ಣವನ್ನೇ ಕೊಟ್ಟರು. ಕೃಷ್ಣ ಎಂದರೆ ಕಪ್ಪು ಎಂದೇ ಅರ್ಥ. ರಾಮನನ್ನು ನಾವು ಶ್ಯಾಮವರ್ಣದವನೆಂದೇ ಧ್ಯಾನಿಸುತ್ತೇವೆ. ಮಹಾಭಾರತದ ದ್ರೌಪದಿಗೆ ಮೈಬಣ್ಣದಿಂದಲೇ ಕೃಷ್ಣೆ ಎಂಬ ಹೆಸರು. ಅವಳ ಚೆಲುವನ್ನು ಯಾರೂ ಪ್ರಶ್ನಿಸಲಿಲ್ಲ.

ಆದರೆ ನಮ್ಮ ನಾಡು ಈ ವಿಷಯದಲ್ಲಿ ಸಂಪೂರ್ಣ ನಿರ್ದೋಷಿ ಎಂದು ಬೆನ್ನು ತಟ್ಟಿಕೊಳ್ಳುವುದೂ ಸರಿಯಲ್ಲ. ಬಿಳಿ ಬಣ್ಣದ ಮೋಹ ನಮ್ಮಲ್ಲೂ ಹಿಂದಿನಿಂದ ಇದ್ದದ್ದೇ. ಬೆಳ್ಳಗಿರುವವರನ್ನು ‘ಕೆಂಪಗಿದ್ದಾರೆ’ ಎಂದು ಹೊಗಳುವುದು, ಕಪ್ಪಗಿರುವ ಮಗಳನ್ನು ‘ಸ್ವಲ್ಪ ಎಣ್ಣೆಗೆಂಪು’ ಎಂದು ಸಮಾಧಾನದ ದನಿಯಲ್ಲಿ ವರ್ಣಿಸುವುದು ನಮ್ಮ ಅಜ್ಜಿಯರ ಕಾಲದಿಂದ ಬಂದಿದೆ. ಈ ಮೋಹಕ್ಕೆ ‘ಫೇರ್’ ಎಂಬ ಪದ ಒಂದು ಗೌರವದ ಅಂಗಿಯನ್ನು ತೊಡಿಸಿತು, ಅಷ್ಟೇ. ‘ಬಿಳಿ ಹುಡುಗಿಯೇ ಬೇಕು’ ಎಂದು ಕನ್ನಡದಲ್ಲಿ ಬರೆಯಲು ನಾಚುವವರು ‘ಫೇರ್’ ಎಂದು ಬರೆಯಲು ನಾಚುವುದಿಲ್ಲ. ಭಾರತದಲ್ಲಿ ೧೯೭೫ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮು ನಾಲ್ಕು ದಶಕಗಳಿಗೂ ಮೀರಿ ಅದೇ ಹೆಸರಿನಲ್ಲಿ ಮಾರಾಟವಾಯಿತು. ಜನರ ಆಕ್ಷೇಪಣೆ ಬಲವಾದ ಮೇಲೆ ೨೦೨೦ರಲ್ಲಿ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಡಬ್ಬಿಯ ಮೇಲಿನ ಪದವನ್ನು ಬದಲಿಸುವುದು ಸುಲಭ. ನಮ್ಮ ನಾಲಗೆಯ ಮೇಲಿನದು ಇನ್ನೂ ಹಾಗೆಯೇ ಇದೆ.

ಒಬ್ಬ ಬಾಲಕಿಯ ಸ್ಥಾನದಲ್ಲಿ ನಿಂತು ಯೋಚಿಸೋಣ. ಬೆಳಿಗ್ಗೆ ಶಾಲೆಯಲ್ಲಿ ಅವಳು ‘ಅನ್‌ಫೇರ್’ ಎಂದರೆ ಅನ್ಯಾಯ ಎಂದು ಕಲಿಯುತ್ತಾಳೆ. ಸಂಜೆ ಮನೆಗೆ ಬಂದ ನೆಂಟರು ಅವಳ ಎದುರಿನಲ್ಲಿಯೇ ‘ದೊಡ್ಡವಳು ಫೇರ್, ಇವಳು ಅಷ್ಟು ಫೇರ್ ಅಲ್ಲ’ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಒಂದೇ ಪದ ಬೆಳಿಗ್ಗೆ ನ್ಯಾಯದ ಕಡೆಗೆ, ಸಂಜೆ ಅನ್ಯಾಯದ ಕಡೆಗೆ ಸಾಕ್ಷಿ ಹೇಳಿತು. ದುಡಿದು ಗಳಿಸಲಾರದ, ತಪ್ಪು ಮಾಡಿ ಕಳೆದುಕೊಳ್ಳಲಾರದ ಒಂದು ಸಂಗತಿಗಾಗಿ ಮನುಷ್ಯರನ್ನು ಮೇಲು ಕೀಳು ಮಾಡುವುದಕ್ಕಿಂತ ಅನ್‌ಫೇರ್ ಆದದ್ದು ಯಾವುದಿದೆ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಲ್ಲಿ ಹಾಸ್ಯವಿದೆ, ನಿಜ. ಆದರೆ ಹೆತ್ತವರೇ ನೆಂಟರ ಕಣ್ಣಿನಿಂದ ಮಗುವನ್ನು ಅಳೆಯತೊಡಗಿದರೆ ಆ ಮಗು ಯಾರ ಬಳಿಗೆ ಹೋಗಬೇಕು?

ಇನ್ನು ‘ಫೇರ್ ಕಾಪಿ’ಯ ವಿಷಯ. ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ಇದು ಅನ್ನದ ಮಾತು. ಮೊದಲು ಕರಡು, ಮೇಲಿನವರು ಅದರ ಮೇಲೆ ಗೀಟು ಹಾಕಿ, ಸೇರಿಸಿ, ತೆಗೆದು ಒಪ್ಪಿಗೆ ಕೊಟ್ಟ ಮೇಲೆ ‘ಫೇರ್’. ಕಡತಗಳು ಕಂಪ್ಯೂಟರಿನ ಪರದೆಗೆ ಏರಿದ ಮೇಲೂ ಈ ಮಾತು ಹೋಗಿಲ್ಲ. ಫೇರ್ ಪ್ರತಿಯಲ್ಲಿ ಒಂದು ಕಾಟೂ ಇರುವುದಿಲ್ಲ. ಅದನ್ನು ಓದಿದವರಿಗೆ ಈ ತೀರ್ಮಾನ ಮೊದಲಿನಿಂದಲೂ ಹೀಗೆಯೇ ಇತ್ತು, ಯಾರೂ ಹಿಂದೆಮುಂದೆ ನೋಡಿರಲಿಲ್ಲ ಎಂದು ತೋರುತ್ತದೆ. ನಿಜವಾದ ಕಥೆ ಕಡತದ ಇನ್ನೊಂದು ಬದಿಯ ಟಿಪ್ಪಣಿ ಹಾಳೆಗಳಲ್ಲಿ ಇರುತ್ತದೆ: ಯಾರು ಬೇಡವೆಂದರು, ಏಕೆಂದರು, ಯಾವ ಕಾರಣಕ್ಕೆ ಆ ಮಾತು ಬಿದ್ದುಹೋಯಿತು ಎಂಬುದೆಲ್ಲ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಸಾಮಾನ್ಯ ಪ್ರಜೆಗೆ ಆದ ದೊಡ್ಡ ಲಾಭವೆಂದರೆ ಫೇರ್ ಪ್ರತಿಯ ಹಿಂದಿನ ಈ ಹಾಳೆಗಳನ್ನೂ ತೋರಿಸಿ ಎಂದು ಕೇಳಬಹುದಾದದ್ದು. ಕಣ್ಣಿಗೆ ಫೇರ್ ಆಗಿರುವ ಕಾಗದ ನ್ಯಾಯಕ್ಕೂ ಫೇರ್ ಆಗಿದೆಯೇ ಎಂದು ತಿಳಿಯಬೇಕಾದರೆ ಕಾಟು ಹೊಡೆದ ಸಾಲುಗಳನ್ನು ಓದಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವರು ಹೇಳಿದ್ದು ಇದಕ್ಕೇ. ‘ಫೇರ್’ ಎಂಬ ಪದದ ಹಳೆಯ ಅರ್ಥ ಇನ್ನೂ ಸತ್ತಿಲ್ಲ. ಹೊಸ ಅರ್ಥದೊಳಗೆ ಅದು ಬಾಡಿಗೆದಾರನಂತೆ ಉಳಿದುಕೊಂಡಿದೆ. ಏನಾದರೊಂದು ನೋಡಲು ಚೆನ್ನಾಗಿದ್ದರೆ, ಸದ್ದಿಲ್ಲದೆ ಮುಗಿದರೆ, ನಮಗೆ ಹಿತವಾಗಿದ್ದರೆ, ಅದನ್ನು ನ್ಯಾಯವೆಂದು ಕರೆದುಬಿಡುವ ಚಪಲ ಎಲ್ಲರಲ್ಲೂ ಇದೆ. ನ್ಯಾಯಾಧೀಶನ ಕೆಲಸವನ್ನು ನಮ್ಮ ಕಣ್ಣು ಮಾಡಿಬಿಡುತ್ತದೆ.

ಹಾಗಾದರೆ ನ್ಯಾಯದ ಫೇರ್ ಯಾವುದು? ಕಾನೂನಿಗೆ ಸರಿಹೊಂದಿದ್ದೆಲ್ಲ ಫೇರ್ ಎನ್ನೋಣವೇ? ಕ್ರಿಕೆಟ್ ಬಲ್ಲವರು ಒಪ್ಪುವುದಿಲ್ಲ. ೧೯೮೧ರ ಫೆಬ್ರವರಿ ೧ರಂದು ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡಿಗೆ ಪಂದ್ಯ ಸಮ ಮಾಡಿಕೊಳ್ಳಲು ಕೊನೆಯ ಚೆಂಡಿನಲ್ಲಿ ಆರು ಓಟ ಬೇಕಿತ್ತು. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ಅಂದಿನ ನಿಯಮದಂತೆ ಅದು ತಪ್ಪಲ್ಲ. ಆದರೂ ಅದನ್ನು ಫೇರ್ ಎಂದು ಹೇಳುವವರು ಇಂದಿಗೂ ಸಿಕ್ಕುವುದು ಕಷ್ಟ. ಅದಕ್ಕೆ ಒಂದು ವರ್ಷ ಮೊದಲು, ೧೯೮೦ರ ಫೆಬ್ರವರಿಯಲ್ಲಿ, ಇದೇ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಭಾರತದ ನಾಯಕರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ೫೮ ಓಟಗಳಿಗೆ ಐದು ಹುದ್ದರಿ ಕಳೆದುಕೊಂಡಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚಿತ್ತು ಔಟಾದರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥರಿಗೆ ಅನ್ನಿಸಿತು. ಹೊರಟಿದ್ದ ಟೇಲರರನ್ನು ಅವರು ಹಿಂದಕ್ಕೆ ಕರೆಸಿದರು. ಟೇಲರ್ ಮತ್ತು ಬಾಥಮ್ ಜೊತೆಯಾಟದಲ್ಲಿ ೧೭೧ ಓಟಗಳನ್ನು ಸೇರಿಸಿದರು. ಭಾರತ ಹತ್ತು ಹುದ್ದರಿಗಳಿಂದ ಸೋತಿತು.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ಅಳತೆಗೋಲು ಸಿಗುತ್ತದೆ. ಮೆಲ್ಬರ್ನ್‌ನಲ್ಲಿ ನಿಯಮ ನಾಯಕನ ಕಡೆಗಿತ್ತು, ಅವರು ಅದನ್ನು ಬಳಸಿಕೊಂಡರು. ಮುಂಬಯಿಯಲ್ಲೂ ನಿಯಮ ನಾಯಕನ ಕಡೆಗೇ ಇತ್ತು, ಅವರು ಅದನ್ನು ಬಿಟ್ಟುಕೊಟ್ಟರು. ತನಗೆ ನಷ್ಟವಾಗುವ ಕಡೆಗೆ ಬೆರಳು ತೋರಿಸುವಾಗಲೂ ನಡುಗದ ಕೈಯನ್ನು ಫೇರ್ ಎನ್ನಬಹುದು. ನಮಗೆ ಲಾಭವಾದಾಗ ‘ಇದು ಫೇರ್’ ಎಂದು ನಾವು ಹೇಳಿದರೆ ಆ ಸಾಕ್ಷ್ಯಕ್ಕೆ ಬೆಲೆ ಕಡಿಮೆ.

ಆದರೆ ಎಲ್ಲರೂ ವಿಶ್ವನಾಥರಾಗಲು ಸಾಧ್ಯವೇ ಎಂದು ಓದುಗರು ಕೇಳಬಹುದು. ಸಾಧ್ಯವಿಲ್ಲ. ನಮಗೆಲ್ಲ ಒಂದಿಷ್ಟು ಪಕ್ಷಪಾತ ಇದ್ದೇ ಇರುತ್ತದೆ. ಇಲ್ಲಿ ಗಣಿತದಿಂದ ಒಂದು ಸಮಾಧಾನವಿದೆ. ಗಣಿತದಲ್ಲಿ ‘ಫೇರ್ ಕಾಯಿನ್’ ಎಂದರೆ ರಾಜ, ರಾಣಿ ಎರಡೂ ಸಮಸಂಭವವಾಗಿರುವ ನಾಣ್ಯ. ನಮ್ಮ ಕೈಯಲ್ಲಿರುವ ನಾಣ್ಯ ಒಂದು ಕಡೆ ಭಾರವಾಗಿದ್ದು, ಹತ್ತಕ್ಕೆ ಏಳು ಬಾರಿ ರಾಜನೇ ಬೀಳುತ್ತಾನೆ ಎಂದಿಟ್ಟುಕೊಳ್ಳಿ. ಅದರಿಂದ ನ್ಯಾಯವಾದ ತೀರ್ಮಾನ ಪಡೆಯುವ ಉಪಾಯವನ್ನು ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞರು ೧೯೫೧ರಲ್ಲಿ ಪ್ರಕಟಿಸಿದರು. ನಾಣ್ಯವನ್ನು ಎರಡು ಬಾರಿ ಚಿಮ್ಮಬೇಕು. ಮೊದಲು ರಾಜ, ಆಮೇಲೆ ರಾಣಿ ಬಿದ್ದರೆ ಒಬ್ಬರಿಗೆ ಗೆಲುವು; ಮೊದಲು ರಾಣಿ, ಆಮೇಲೆ ರಾಜ ಬಿದ್ದರೆ ಇನ್ನೊಬ್ಬರಿಗೆ. ಎರಡೂ ಒಂದೇ ಬಿದ್ದರೆ ಆ ಸುತ್ತನ್ನು ಬಿಟ್ಟು ಮತ್ತೆ ಚಿಮ್ಮುವುದು. ಲೆಕ್ಕ ಹಾಕಿ ನೋಡಿ: ಏಳು ಮೂರಲೆ ಇಪ್ಪತ್ತೊಂದು, ಮೂರು ಏಳಲೆ ಇಪ್ಪತ್ತೊಂದು. ನೂರಕ್ಕೆ ಇಪ್ಪತ್ತೊಂದರಂತೆ ಇಬ್ಬರಿಗೂ ಸಮ! ನಾಣ್ಯ ಸೊಟ್ಟಗಿದ್ದೂ ತೀರ್ಪು ನೆಟ್ಟಗೆ ಬಂತು.

ಇದರ ತಾತ್ಪರ್ಯ ದೊಡ್ಡದು. ಮನುಷ್ಯನ ಮನಸ್ಸು ಸೊಟ್ಟ ನಾಣ್ಯವಾದರೂ ನಡೆಯುವ ಕ್ರಮ ಸರಿಯಾಗಿದ್ದರೆ ನ್ಯಾಯ ದೊರೆಯಬಹುದು. ಆ ಕ್ರಮದ ಮುಖ್ಯ ಅಂಶವೆಂದರೆ ಅದೇ ಸಂಗತಿಯನ್ನು ತಿರುವುಮುರುವಾಗಿ ಇನ್ನೊಮ್ಮೆ ನೋಡುವುದು: ಅವನ ಜಾಗದಲ್ಲಿ ನಾನು, ನನ್ನ ಜಾಗದಲ್ಲಿ ಅವನು ಇದ್ದಿದ್ದರೆ? ನಮ್ಮ ಅಜ್ಜಿಯರು ಮಕ್ಕಳಿಗೆ ಒಬ್ಬಟ್ಟು ಹಂಚುವಾಗ ‘ನೀನು ಮುರಿ, ಅವನು ಮೊದಲು ಆರಿಸಿಕೊಳ್ಳಲಿ’ ಎನ್ನುತ್ತಿದ್ದುದರಲ್ಲಿಯೂ ಇದೇ ತತ್ತ್ವವಿದೆ. ನ್ಯಾಯಾಲಯಗಳೂ ಇದೇ ದಾರಿ ಹಿಡಿದಿವೆ. ನಮ್ಮ ಸಂವಿಧಾನದ ೨೧ನೆಯ ಅನುಚ್ಛೇದದಲ್ಲಿ ‘ಕಾನೂನು ವಿಧಿಸಿದ ಕ್ರಮ’ ಎಂದಷ್ಟೇ ಇದೆ. ಫೇರ್ ಎಂಬ ಪದವಿಲ್ಲ. ೧೯೭೭ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ತಿಳಿಸದೆ ಸರಕಾರ ವಶಪಡಿಸಿಕೊಂಡ ಪ್ರಕರಣದಲ್ಲಿ, ೧೯೭೮ರಲ್ಲಿ ಸುಪ್ರೀಂ ಕೋರ್ಟು ಬರಿಯ ಕ್ರಮ ಸಾಲದು, ಆ ಕ್ರಮ ನ್ಯಾಯವೂ ಫೇರೂ ಆಗಿರಬೇಕು ಎಂದು ಹೇಳಿತು. ಎದುರಿನವರ ಮಾತನ್ನು ಕೇಳದೆ ತೀರ್ಮಾನಿಸುವುದು ಫೇರ್ ಅಲ್ಲ ಎಂಬುದು ಅದರ ತಿರುಳು.

ಕೋರ್ಟಿನ ಮಾತು ದೂರದ್ದೆನಿಸಿದರೆ ಮನೆಗೇ ಬರೋಣ. ಅಮರ್ತ್ಯ ಸೇನ್ ಅವರು ೨೦೦೯ರಲ್ಲಿ ಪ್ರಕಟವಾದ ‘ದಿ ಐಡಿಯಾ ಆಫ್ ಜಸ್ಟಿಸ್’ ಗ್ರಂಥದಲ್ಲಿ ಮೂವರು ಮಕ್ಕಳ, ಒಂದು ಕೊಳಲಿನ ಉದಾಹರಣೆ ಕೊಡುತ್ತಾರೆ. ಒಂದು ಮಗುವಿಗೆ ಕೊಳಲು ನುಡಿಸಲು ಬರುತ್ತದೆ. ಇನ್ನೊಂದು ಬಡ ಮಗು, ಅದಕ್ಕೆ ಬೇರೆ ಆಟಿಕೆಯೇ ಇಲ್ಲ. ಮೂರನೆಯದು ತಿಂಗಳುಗಟ್ಟಲೆ ಶ್ರಮಿಸಿ ಆ ಕೊಳಲನ್ನು ಮಾಡಿದೆ. ಕೊಳಲು ಯಾರಿಗೆ? ಮೂವರ ವಾದವೂ ತೂಕದ್ದೇ. ನೀತಿ ಮತ್ತು ನ್ಯಾಯ ಎಂಬ ನಮ್ಮ ಹಳೆಯ ಎರಡು ಪದಗಳ ಅಂತರವನ್ನೂ ಅವರು ಅಲ್ಲಿಯೇ ಎತ್ತಿ ತೋರಿಸುತ್ತಾರೆ: ನಿಯಮ ವ್ಯವಸ್ಥೆಗಳು ಸರಿಯಾಗಿರುವುದು ನೀತಿ, ಜನರ ಬಾಳಿನಲ್ಲಿ ನಿಜವಾಗಿ ಏನಾಯಿತು ಎಂಬುದು ನ್ಯಾಯ.

ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ಆ ಕೊಳಲು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಊರಿನಲ್ಲಿ ತಂದೆಯವರು ಕಟ್ಟಿಸಿದ ಮನೆಯೊಂದಿರುತ್ತದೆ. ಒಬ್ಬ ಮಗ ಅಲ್ಲಿಯೇ ಉಳಿದು ತಂದೆತಾಯಿಗಳ ಹಾಸಿಗೆಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆದಿದ್ದಾನೆ. ಇನ್ನೊಬ್ಬ ಪರ ಊರಿನ ಒಂದು ಕೋಣೆಯ ಮನೆಯಲ್ಲಿ ಇದ್ದುಕೊಂಡು, ಹೊಟ್ಟೆ ಬಟ್ಟೆ ಕಟ್ಟಿ, ತಿಂಗಳು ತಿಂಗಳು ಹಣ ಕಳುಹಿಸಿದ್ದಾನೆ. ಮಗಳು ಮದುವೆಯಾಗಿ ಹೋಗಿದ್ದಾಳೆ. ಕರ್ನಾಟಕದಲ್ಲಿ ೧೯೯೪ರ, ಇಡೀ ದೇಶಕ್ಕೆ ೨೦೦೫ರ ತಿದ್ದುಪಡಿಗಳಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ಮೂರು ಸಮಭಾಗ ಮಾಡಿದರೆ ಫೇರ್ ಆಯಿತೇ? ಸಮವೇನೋ ಆಯಿತು. ಹಾಸಿಗೆಯ ಪಕ್ಕದ ರಾತ್ರಿಗಳನ್ನು ಯಾವ ಭಾಗಕ್ಕೆ ಸೇರಿಸುವುದು? ಕಳುಹಿಸಿದ ಹಣದಲ್ಲಿ ಮೇಲೆದ್ದ ಮಹಡಿಯನ್ನು?

ನಮ್ಮ ಹಳ್ಳಿಗಳ ಕಡೆ ‘ನ್ಯಾಯ’ ಎಂಬ ಪದಕ್ಕೆ ಜಗಳ ಎಂಬ ಅರ್ಥವೂ ಇದೆ. ‘ಅವರಿಬ್ಬರ ಮನೆಯಲ್ಲಿ ನ್ಯಾಯ ಶುರುವಾಗಿದೆ’ ಎಂದರೆ ಮಾತಿಗೆ ಮಾತು ಬೆಳೆದಿದೆ ಎಂದರ್ಥ. ಇದು ಪದದ ಅವನತಿ ಎಂದು ನಮಗೆ ತೋರುವುದಿಲ್ಲ. ಇದರಲ್ಲಿ ತಿಳಿವಳಿಕೆ ಇದೆ. ಮಾತಿಗೆ ಮಾತು ಆಡದೆ, ಒಳಗಿರುವುದನ್ನು ಹೊರಹಾಕದೆ ನ್ಯಾಯವಿಲ್ಲ. ಇಂಗ್ಲಿಷಿನ ಫೇರ್ ನೋಟದಿಂದ ಹುಟ್ಟಿದ ಪದ. ನಮ್ಮ ಹಳ್ಳಿಯ ನ್ಯಾಯ ಮಾತಿನಲ್ಲಿ ಬೆಳೆದದ್ದು. ನ್ಯಾಯವನ್ನು ನೋಡಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದೇ ಹೆಚ್ಚು.

ಎಷ್ಟೋ ಮನೆಗಳಲ್ಲಿ ನಡೆಯುವುದು ಬೇರೆಯೇ. ಹಬ್ಬಕ್ಕೆ ಬಂದ ತಂಗಿಗೆ ಸೀರೆ ಕುಪ್ಪಸ ಕೊಟ್ಟು, ಊಟದ ನಂತರ ಹಕ್ಕು ಬಿಡುಗಡೆಯ ಪತ್ರವನ್ನು ಅವಳ ಮುಂದೆ ಇಡುತ್ತಾರೆ. ಅವಳು ಒಂದು ಮಾತೂ ಆಡದೆ ಸಹಿ ಹಾಕುತ್ತಾಳೆ. ‘ನಮ್ಮ ತಂಗಿ ಎಷ್ಟು ಚೆನ್ನಾಗಿ ನಡೆದುಕೊಂಡಳು, ನಮ್ಮ ಮನೆಯಲ್ಲಿ ಜಗಳವೇ ಇಲ್ಲ’ ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ. ಒಂದು ಕಾಟೂ ಇಲ್ಲದ ಅಚ್ಚುಕಟ್ಟಾದ ಪತ್ರ. ಅಪ್ಪಟ ಫೇರ್ ಕಾಪಿ. ಅದರ ರಫ್ ಪ್ರತಿ ಎಲ್ಲಿದೆ ಎಂದು ಕೇಳಿದವರು ಯಾರು? ಮನಸಾರೆ ಬಿಟ್ಟುಕೊಟ್ಟಿದ್ದರೆ ಅದು ಅವಳ ದೊಡ್ಡತನ. ಆದರೆ ‘ನಿನಗೆ ಏನನ್ನಿಸುತ್ತದೆ, ಬೇಡವೆಂದರೂ ತವರಿನ ಬಾಗಿಲು ಮುಚ್ಚುವುದಿಲ್ಲ’ ಎಂದು ಮೊದಲು ಹೇಳಿ, ಆಮೇಲೆ ಕಾಗದ ಮುಂದಿಡಬೇಕಾದದ್ದು ಅಣ್ಣಂದಿರ ಧರ್ಮ. ಹಾಗೆಯೇ ಊರಿನಲ್ಲಿ ಉಳಿದ ತಮ್ಮ ದೊಡ್ಡ ಪಾಲು ಕೇಳಿದಾಗ, ನಾವು ನಗರದಲ್ಲಿ ಕುಳಿತು ‘ದಿಸ್ ಈಸ್ ನಾಟ್ ಫೇರ್’ ಎನ್ನುವ ಮುನ್ನ, ಅವನ ಜಾಗದಲ್ಲಿ ಹತ್ತು ವರ್ಷ ನಿಂತಂತೆ ಒಮ್ಮೆ ಯೋಚಿಸುವುದು ನಮ್ಮ ಧರ್ಮ. ನಾಣ್ಯವನ್ನು ಎರಡನೆಯ ಬಾರಿ ಚಿಮ್ಮುವುದೆಂದರೆ ಇದೇ.

ಕೊನೆಗೆ, ಪ್ರಗತಿ ಪತ್ರದ ‘ಫೇರ್’, ಅಂದರೆ ‘ಸುಮಾರು’. ನ್ಯಾಯಕ್ಕೂ ಸುಮಾರಿಗೂ ಒಂದೇ ಪದವಿರುವುದು ಮೊದಲು ವಿಚಿತ್ರವೆನಿಸಿದರೂ, ಯೋಚಿಸಿದರೆ ಅದರಲ್ಲಿ ಒಂದು ವಿನಯ ಕಾಣುತ್ತದೆ. ಕೊಳಲು ಮೂವರಲ್ಲಿ ಒಬ್ಬರಿಗೇ ಸಿಕ್ಕುವುದು. ಮನೆಯ ಪಾಲು ಹೇಗೆ ಮಾಡಿದರೂ ಯಾರದಾದರೂ ಒಂದು ರಾತ್ರಿ, ಯಾರದಾದರೂ ಒಂದು ರೂಪಾಯಿ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಮನುಷ್ಯರು ಮಾಡುವ ನ್ಯಾಯಕ್ಕೆ ಸಿಗಬಹುದಾದ ಅಂಕ ‘ಫೇರ್’ ಮಾತ್ರ. ಇದನ್ನು ಒಪ್ಪಿಕೊಂಡವರು ಹಂಚಿಕೆಯಾದ ಮೇಲೂ ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತಾರೆ. ನೂರಕ್ಕೆ ನೂರು ಬೇಕೆಂದು ಹಟ ಹಿಡಿದವರು ಕೋರ್ಟಿನ ಕಟ್ಟೆಯ ಮೇಲೆ ಮುದುಕರಾಗುತ್ತಾರೆ.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ಸಣ್ಣ ಬಿನ್ನಹ. ‘ಫೇರ್’ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ಅದನ್ನು ಮನಸ್ಸಿನಲ್ಲಿಯೇ ಕನ್ನಡಕ್ಕೆ ತಿರುಗಿಸಿ ನೋಡೋಣ. ಚೆಲುವೆಂದು ಹೇಳುತ್ತಿದ್ದೇವೆಯೇ, ಬಿಳಿ ಎಂದೇ, ಶುಚಿ ಎಂದೇ, ನ್ಯಾಯವೆಂದೇ, ಸುಮಾರೆಂದೇ? ಹೇಳಲು ನಾಚಿಕೆಯಾದರೆ ಆ ಮಾತನ್ನು ಇಂಗ್ಲಿಷಿನಲ್ಲೂ ಬಿಟ್ಟುಬಿಡೋಣ. ವಧೂವರರ ಅಂಕಣಕ್ಕೆ ಮಕ್ಕಳ ವಿವರ ಬರೆದು ಕಳುಹಿಸುವಾಗ ಓದು, ಉದ್ಯೋಗ, ಅಭಿರುಚಿಗಳನ್ನು ಬರೆಯೋಣ. ಬಣ್ಣದ ಕಾಲಂ ಖಾಲಿ ಇರಲಿ. ಆ ವಿವರಗಳನ್ನು ಓದಿ ಬರುವವರು ಬಂದರೆ ಸಾಕು.